ಗಡ್ಡ, ಮೀಸೆ ಮತ್ತು 1 ಕೋಟಿ 20 ಲಕ್ಷ: ಕಾಲಿನ್ಸ್ ಪ್ರಕರಣದಲ್ಲಿ ಗುಣಾಕಾರ ಎಲ್ಲಿ ತಪ್ಪಿತು

1964ರ ಜೂನ್ 18, ಬೆಳಿಗ್ಗೆ ಸುಮಾರು 11.30. ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ಯಾನ್ ಪೆಡ್ರೊ ಭಾಗದ ಓಣಿಯೊಂದರಲ್ಲಿ ವಯಸ್ಸಾದ ಮಹಿಳೆಯೊಬ್ಬರು ದಿನಸಿ ತುಂಬಿದ ಬುಟ್ಟಿಗಾಡಿ ಎಳೆದುಕೊಂಡು ಮನೆಗೆ ಹೋಗುತ್ತಿದ್ದರು. ನೆಲದ ಮೇಲಿದ್ದ ಖಾಲಿ ರಟ್ಟಿನ ಡಬ್ಬ ಎತ್ತಿಕೊಳ್ಳಲು ಬಗ್ಗಿದಾಗ ಯಾರೋ ಅವರನ್ನು ತಳ್ಳಿ ಬೀಳಿಸಿದರು. ತಲೆಯೆತ್ತಿ ನೋಡುವಷ್ಟರಲ್ಲಿ ಹೊಂಬಣ್ಣದ ಕೂದಲಿನ ಯುವತಿಯೊಬ್ಬಳು ಓಡುತ್ತಿದ್ದಳು. 35ರಿಂದ 40 ಡಾಲರ್ ಇದ್ದ ಪರ್ಸ್ ಮಾಯವಾಗಿತ್ತು. ಓಣಿಯ ತುದಿಯ ಬೀದಿಯಲ್ಲಿ, ಮನೆಮುಂದಿನ ಹುಲ್ಲಿಗೆ ನೀರು ಹಾಕುತ್ತಿದ್ದ ಒಬ್ಬರು ಪೋನಿಟೇಲ್ ಕಟ್ಟಿದ ಬಿಳಿಯ ಯುವತಿ ಓಡಿಬಂದು ಹಳದಿ ಕಾರು ಹತ್ತಿದ್ದನ್ನು ಕಂಡರು. ಕಾರು ಅವರಿಂದ ಆರೇ ಅಡಿ ದೂರದಲ್ಲಿ ಹಾದುಹೋಯಿತು. ಓಡಿಸುತ್ತಿದ್ದವನು ಗಡ್ಡ ಮೀಸೆ ಎರಡೂ ಇದ್ದ ಕಪ್ಪುವರ್ಣೀಯ.

ಈ ವರ್ಣನೆಗೆ ಹೊಂದುವ ದಂಪತಿಯೊಂದು ಪೊಲೀಸರಿಗೆ ಸಿಕ್ಕಿತು. ಅವರ ಅಡ್ಡಹೆಸರು ಕಾಲಿನ್ಸ್. ಪ್ರಕರಣ ಕಾನೂನು ಪುಸ್ತಕಗಳಲ್ಲಿ ‘ಪೀಪಲ್ ವರ್ಸಸ್ ಕಾಲಿನ್ಸ್’ ಎಂದೇ ಹೆಸರಾಗಿದೆ. ಆದರೆ ಗುರುತು ಹಿಡಿಯುವ ಸಾಕ್ಷ್ಯ ಗಟ್ಟಿಯಾಗಿರಲಿಲ್ಲ. ಪರ್ಸ್ ಕಳೆದುಕೊಂಡವರಿಗೆ ಯುವತಿಯ ಗುರುತು ಹೇಳಲಾಗಲಿಲ್ಲ. ಕಾರು ಕಂಡವರು ಗಡ್ಡ ಬೋಳಿಸಿದ್ದ ಆರೋಪಿಯನ್ನು ಗುರುತು ಹಿಡಿಯಲೆಂದು ಪೊಲೀಸರು ನಿಲ್ಲಿಸಿದ ಸಾಲಿನಲ್ಲಿ ನೋಡಿದಾಗ ಖಚಿತವಾಗಿ ಹೇಳಿರಲಿಲ್ಲ. ಈ ಕೊರತೆಯನ್ನು ತುಂಬಲು ಪ್ರಾಸಿಕ್ಯೂಟರ್ ಕಾಲೇಜೊಂದರ ಗಣಿತ ಬೋಧಕರನ್ನು ಸಾಕ್ಷಿಕಟ್ಟೆಗೆ ಕರೆಸಿದರು. ಪರಸ್ಪರ ಸ್ವತಂತ್ರವಾದ ಹಲವು ಘಟನೆಗಳು ಒಟ್ಟಿಗೆ ಘಟಿಸುವ ಸಂಭವನೀಯತೆಯನ್ನು ಅವುಗಳ ಬಿಡಿ ಸಂಭವನೀಯತೆಗಳ ಗುಣಲಬ್ಧವಾಗಿ ಪಡೆಯಬಹುದು ಎಂದು ಬೋಧಕರು ವಿವರಿಸಿದರು. ಬಳಿಕ ಪ್ರಾಸಿಕ್ಯೂಟರ್ ತಾವೇ ಊಹಿಸಿದ ಆರು ಭಿನ್ನರಾಶಿಗಳನ್ನು ಮುಂದಿಟ್ಟರು:

ಭಾಗಶಃ ಹಳದಿ ಬಣ್ಣದ ಕಾರು: 1/10
ಮೀಸೆ ಇರುವ ಪುರುಷ: 1/4
ಪೋನಿಟೇಲ್ ಇರುವ ಯುವತಿ: 1/10
ಹೊಂಬಣ್ಣದ ಕೂದಲಿನ ಯುವತಿ: 1/3
ಗಡ್ಡ ಇರುವ ಕಪ್ಪುವರ್ಣೀಯ ಪುರುಷ: 1/10
ಕಾರಿನಲ್ಲಿ ಭಿನ್ನವರ್ಣದ ಜೋಡಿ: 1/1000

ಎಲ್ಲವನ್ನೂ ಗುಣಿಸಿದರೆ ಬರುವುದು 1 ಕೋಟಿ 20 ಲಕ್ಷದಲ್ಲಿ 1. ಇಷ್ಟೂ ಲಕ್ಷಣಗಳಿರುವ ಜೋಡಿ ಸಿಗುವ ಸಾಧ್ಯತೆ ಇಷ್ಟೇ, ಹಾಗಾಗಿ ಇವರೇ ಅಪರಾಧಿಗಳು ಎಂದು ಜ್ಯೂರಿಯ ಮುಂದೆ ವಾದವಾಯಿತು. ತಮ್ಮ ಅಂದಾಜುಗಳು ತೀರ ಎಚ್ಚರಿಕೆಯವು, ನಿಜವಾದ ಅಂಕಿ ಇನ್ನೂ ಸಣ್ಣದು, 100 ಕೋಟಿಯಲ್ಲಿ ಒಂದರಷ್ಟು ಇರಬಹುದು ಎಂದೂ ಪ್ರಾಸಿಕ್ಯೂಟರ್ ಹೇಳಿದರು. ಜ್ಯೂರಿ ಇಬ್ಬರನ್ನೂ ಎರಡನೇ ದರ್ಜೆಯ ದರೋಡೆಯ ಅಪರಾಧಿಗಳೆಂದು ತೀರ್ಮಾನಿಸಿತು.

ಗುಣಾಕಾರದಲ್ಲಿ ಲೆಕ್ಕದ ತಪ್ಪಿಲ್ಲ. ಯಾರು ಬೇಕಾದರೂ ಮತ್ತೆ ಗುಣಿಸಿ ನೋಡಬಹುದು. ತಪ್ಪಿರುವುದು ಗುಣಿಸಲು ಅನುಮತಿ ಎಲ್ಲಿಂದ ಬಂತು ಎಂಬಲ್ಲಿ. ಸಂಭವನೀಯತೆಯ ಮೊದಲ ಪಾಠಗಳಲ್ಲೇ ಬರುವ ಸ್ವತಂತ್ರ ಘಟನೆ, ಅವಲಂಬಿತ ಘಟನೆ ಎಂಬ ಭೇದ ಇಲ್ಲಿ ಒಬ್ಬ ಮನುಷ್ಯನ ಸೆರೆವಾಸವನ್ನು ನಿರ್ಧರಿಸಿತು. ಅದಕ್ಕಾಗಿಯೇ ಈ ಪ್ರಕರಣವನ್ನು ಸಾಲುಸಾಲಾಗಿ ಬಿಡಿಸಿ ನೋಡುವುದು ಸಾರ್ಥಕ.

ಗುಣಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ಎರಡು ಘಟನೆಗಳು ಒಟ್ಟಿಗೆ ನಡೆಯುವ ಸಂಭವನೀಯತೆಗೆ ಎಲ್ಲ ಸಂದರ್ಭದಲ್ಲೂ ನಿಲ್ಲುವ ಸೂತ್ರ ಒಂದೇ. ‘ಸಂ’ ಎಂದರೆ ಸಂಭವನೀಯತೆ ಎಂದಿಟ್ಟುಕೊಂಡರೆ:

ಸಂ(ಗಡ್ಡ ಮತ್ತು ಮೀಸೆ) = ಸಂ(ಗಡ್ಡ) × ಸಂ(ಗಡ್ಡವಿದ್ದಾಗ ಮೀಸೆ)

ಎರಡನೆಯ ಅಂಶ ಷರತ್ತುಬದ್ಧ ಸಂಭವನೀಯತೆ: ಗಡ್ಡ ಇರುವವರನ್ನಷ್ಟೇ ಪಕ್ಕಕ್ಕೆ ತೆಗೆದಿಟ್ಟು, ಅವರಲ್ಲಿ ಎಷ್ಟು ಪಾಲು ಜನರಿಗೆ ಮೀಸೆ ಇದೆ ಎಂದು ಎಣಿಸುವುದು. ಈ ಪಾಲು ಎಲ್ಲ ಗಂಡಸರಲ್ಲಿ ಮೀಸೆಯವರ ಪಾಲಿಗೆ ಸಮವಾದರೆ, ಅಂದರೆ ಗಡ್ಡದ ಸುದ್ದಿ ಗೊತ್ತಾದರೂ ಮೀಸೆಯ ಅಂದಾಜು ಕದಲದಿದ್ದರೆ, ಎರಡೂ ಸ್ವತಂತ್ರ. ಆಗ ಮಾತ್ರ ಬಿಡಿ ಭಿನ್ನರಾಶಿಗಳನ್ನು ನೇರವಾಗಿ ಗುಣಿಸಬಹುದು. ಕದಲಿದರೆ ಅವಲಂಬಿತ. ಮೇಲಕ್ಕೆ ಕದಲಿದರೂ ಅಷ್ಟೇ, ಕೆಳಕ್ಕೆ ಕದಲಿದರೂ ಅಷ್ಟೇ.

ಇಲ್ಲಿ ಕಾರಣ ಮತ್ತು ಪರಿಣಾಮದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಗಡ್ಡ ಮೀಸೆಯನ್ನು ಹುಟ್ಟಿಸಬೇಕಾಗಿಲ್ಲ. ಒಂದರ ಅರಿವು ಇನ್ನೊಂದರ ಅಂದಾಜನ್ನು ಬದಲಿಸಿದರೆ ಸಾಕು. ‘ಇದಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಕೇಳಿಕೊಂಡು, ಸಂಬಂಧ ಹೊಳೆಯಲಿಲ್ಲವೆಂದು ಸ್ವತಂತ್ರ ಎಂದು ಬರೆದುಬಿಡುವುದೇ ವಿದ್ಯಾರ್ಥಿಗಳಲ್ಲೂ ವೃತ್ತಿಪರರಲ್ಲೂ ಕಾಣುವ ಅತಿ ಸಾಮಾನ್ಯ ತಪ್ಪು. ಸರಿಯಾದ ಪ್ರಶ್ನೆ ‘ಇದು ಗೊತ್ತಾದ ಮೇಲೆ ಅದರ ಭಿನ್ನರಾಶಿ ಹಾಗೇ ಉಳಿಯುತ್ತದೆಯೇ?’ ಎಂಬುದು.

ಗಡ್ಡ ಮತ್ತು ಮೀಸೆ

ಪ್ರಾಸಿಕ್ಯೂಟರ್ ಕೊಟ್ಟ ಅಂಕಿಗಳನ್ನೇ ನಂಬಿ 1000 ಗಂಡಸರನ್ನು ಕಲ್ಪಿಸಿಕೊಳ್ಳೋಣ. ಮೀಸೆಯವರು 250, ಗಡ್ಡದವರು 100. ಎರಡು ಲಕ್ಷಣಗಳೂ ಸ್ವತಂತ್ರವಾಗಿದ್ದರೆ ಗಡ್ಡದ 100 ಜನರಲ್ಲೂ ನಾಲ್ಕನೇ ಒಂದು ಪಾಲಿಗೆ, ಅಂದರೆ 25 ಜನರಿಗೆ ಮಾತ್ರ ಮೀಸೆ ಇರಬೇಕು. ಉಳಿದ 75 ಜನ ಗಡ್ಡ ಬಿಟ್ಟು ಮೀಸೆ ಬೋಳಿಸಿಕೊಂಡವರಾಗಿರಬೇಕು. 1/40 ಎಂಬ ಗುಣಲಬ್ಧದ ಒಳಗೆ ಅಡಗಿರುವ ಹೇಳಿಕೆ ಇದು. ಬಿಡಿಸಿ ಬರೆದ ತಕ್ಷಣ ಅದರ ಅಸಂಬದ್ಧತೆ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಗಡ್ಡ ಬಿಟ್ಟವರಲ್ಲಿ ಹೆಚ್ಚಿನವರು ಮೀಸೆಯನ್ನೂ ಬಿಟ್ಟಿರುತ್ತಾರೆ.

ಗಡ್ಡದ 100 ಜನರಲ್ಲಿ 90 ಜನರಿಗೆ ಮೀಸೆ ಇದೆ ಎಂದು ಊಹಿಸಿ. ಇದು ವಿವರಣೆಗಾಗಿ ಇಟ್ಟುಕೊಂಡ ಸಂಖ್ಯೆ. ಆಗ ಎರಡೂ ಇರುವವರು 1000ಕ್ಕೆ 90. ಸ್ವತಂತ್ರವೆಂದು ಗುಣಿಸಿದಾಗ ಬಂದದ್ದು 1000ಕ್ಕೆ 25. ಒಂದೇ ಜೋಡಿ ಲಕ್ಷಣದಲ್ಲಿ 3.6 ಪಟ್ಟು ವ್ಯತ್ಯಾಸ. ಆರು ಲಕ್ಷಣಗಳ ಗುಣಾಕಾರದಲ್ಲಿ ಇಂಥ ವ್ಯತ್ಯಾಸ ಒಂದು ಕಡೆ ನುಸುಳಿದರೆ ಅಂತಿಮ ಉತ್ತರವೂ ಅಷ್ಟೇ ಪಟ್ಟು ಕೆಡುತ್ತದೆ. ಕೂಡುವಾಗ ಆಗುವ ಸಣ್ಣ ತಪ್ಪು ಮೊತ್ತದಲ್ಲಿ ಸಣ್ಣದಾಗಿಯೇ ಉಳಿಯಬಹುದು, ಗುಣಿಸುವಾಗ ಹಾಗಲ್ಲ.

ಅಪೀಲಿನಲ್ಲಿ ನ್ಯಾಯಾಲಯ ಬೆರಳಿಟ್ಟು ತೋರಿಸಿದ್ದೂ ಇದನ್ನೇ: ಗಡ್ಡ ಬಿಟ್ಟವರು ಮತ್ತು ಮೀಸೆ ಬಿಟ್ಟವರು ಒಂದರ ಮೇಲೊಂದು ಹಾಯುವ ಗುಂಪುಗಳು.

ಯಾವ ಗುಂಪಿನಲ್ಲಿ ಎಣಿಸಿದ್ದು?

ಗಡ್ಡ ಮೀಸೆಯ ದೋಷ ಯಾರಿಗಾದರೂ ಹೊಳೆಯುತ್ತದೆ. ಅದಕ್ಕಿಂತ ಆಳವಾದ ದೋಷ ಇನ್ನೊಂದಿದೆ, ಪಠ್ಯಪುಸ್ತಕಗಳು ಅದಕ್ಕೆ ಸಾಕಷ್ಟು ಜಾಗ ಕೊಡುವುದಿಲ್ಲ. ಪಟ್ಟಿಯ ಪ್ರತಿ ಭಿನ್ನರಾಶಿಯ ಛೇದದಲ್ಲಿ ಯಾರಿದ್ದಾರೆ ಎಂದು ಕೇಳಿ. 1/10 ಹಳದಿ ಕಾರು ಎಂದರೆ ಎಲ್ಲ ಕಾರುಗಳಲ್ಲಿ. 1/4 ಮೀಸೆ ಎಂದರೆ ಎಲ್ಲ ಗಂಡಸರಲ್ಲಿ. 1/3 ಹೊಂಬಣ್ಣದ ಕೂದಲು ಎಂದರೆ ಎಲ್ಲ ಯುವತಿಯರಲ್ಲಿ. 1/1000 ಭಿನ್ನವರ್ಣದ ಜೋಡಿ ಎಂದರೆ ಕಾರಿನಲ್ಲಿ ಹೋಗುವ ಎಲ್ಲ ಜೋಡಿಗಳಲ್ಲಿ. ‘ಗಡ್ಡ ಇರುವ ಕಪ್ಪುವರ್ಣೀಯ ಪುರುಷ 1/10’ ಎಂಬುದಂತೂ ಕಪ್ಪುವರ್ಣೀಯ ಗಂಡಸರಲ್ಲಿ ಗಡ್ಡದವರ ಪಾಲೋ, ಎಲ್ಲ ಗಂಡಸರಲ್ಲಿ ಗಡ್ಡದ ಕಪ್ಪುವರ್ಣೀಯರ ಪಾಲೋ ಸ್ಪಷ್ಟವಿಲ್ಲ. ಕಾರು, ಗಂಡಸು, ಹೆಂಗಸು, ಜೋಡಿ ಹೀಗೆ ನಾಲ್ಕು ಬೇರೆ ಬೇರೆ ಸಮುದಾಯಗಳಲ್ಲಿ ಎಣಿಸಿದ ಪಾಲುಗಳನ್ನು ಒಂದೇ ಸಾಲಿನಲ್ಲಿ ಗುಣಿಸಿದರೆ ಬರುವ ಉತ್ತರ ಯಾವ ಸಮುದಾಯದ್ದು?

ಭಿನ್ನವರ್ಣದ ಜೋಡಿಯ ವಿಷಯದಲ್ಲಿ ಇದು ನೇರ ಪುನರೆಣಿಕೆಯಾಗುತ್ತದೆ. ಗಂಡಸು ಕಪ್ಪುವರ್ಣೀಯ, ಯುವತಿ ಹೊಂಬಣ್ಣದ ಕೂದಲಿನವಳು ಎಂದು ಮೊದಲೇ ಗೊತ್ತಾದ ಮೇಲೆ ಜೋಡಿ ಭಿನ್ನವರ್ಣದ್ದು ಎಂಬುದು ಹೊಸ ಸುದ್ದಿಯೇ ಅಲ್ಲ. ಆ ಹಂತದಲ್ಲಿ ಅದರ ಷರತ್ತುಬದ್ಧ ಸಂಭವನೀಯತೆ ಹೆಚ್ಚುಕಡಿಮೆ 1. ಅದನ್ನು 1/1000 ಎಂದು ಮತ್ತೆ ಗುಣಿಸುವುದು ಒಂದೇ ವಿರಳತೆಗೆ ಎರಡು ಸಲ ದರ ಕಟ್ಟಿದ ಹಾಗೆ.

ಹಾಗೆಂದು 1/1000 ಅನ್ನು ಸುಮ್ಮನೆ ಕಿತ್ತುಹಾಕಿದರೂ ಸರಿಯಾಗುವುದಿಲ್ಲ. ‘ಕಪ್ಪುವರ್ಣೀಯ ಗಂಡಸಿನ ಜೊತೆಗಿರುವವಳು ಹೊಂಬಣ್ಣದ ಕೂದಲಿನವಳು’ ಎಂಬುದರ ಪಾಲು ಆಗಿನ ಸಮಾಜದಲ್ಲಿ 1/3 ಇರಲು ಸಾಧ್ಯವಿರಲಿಲ್ಲ. ಅಂಥ ಜೋಡಿಗಳೇ ವಿರಳ. ಹೀಗಾಗಿ ಎಲ್ಲಿಂದ ಶುರು ಮಾಡಿದರೂ ಪ್ರತಿ ಹೆಜ್ಜೆಯಲ್ಲಿ ಹಿಂದಿನದೆಲ್ಲವನ್ನೂ ಷರತ್ತಾಗಿ ಹೊತ್ತುಕೊಂಡೇ ಸಾಗಬೇಕು. ಜೋಡಿಯಿಂದ ಶುರುಮಾಡುವುದು ಅನುಕೂಲ, ಏಕೆಂದರೆ ಕೊನೆಗೆ ನಮಗೆ ಬೇಕಾದ ಉತ್ತರವೂ ಜೋಡಿಗಳ ಬಗ್ಗೆಯೇ:

1. ಕಾರಿನಲ್ಲಿರುವ ಜೋಡಿಗಳಲ್ಲಿ ಗಂಡಸು ಕಪ್ಪುವರ್ಣೀಯ, ಹೆಂಗಸು ಬಿಳಿಯಳು ಆಗಿರುವ ಪಾಲು.
2. ಅಂಥ ಜೋಡಿಗಳಲ್ಲಿ ಗಂಡಸಿಗೆ ಗಡ್ಡ ಇರುವ ಪಾಲು.
3. ಅವುಗಳಲ್ಲಿ ಅವನಿಗೆ ಮೀಸೆಯೂ ಇರುವ ಪಾಲು.
4. ಉಳಿದವುಗಳಲ್ಲಿ ಹೆಂಗಸಿನ ಕೂದಲು ಹೊಂಬಣ್ಣದ್ದಾಗಿರುವ ಪಾಲು.
5. ಅವುಗಳಲ್ಲಿ ಪೋನಿಟೇಲ್ ಕಟ್ಟಿರುವ ಪಾಲು.
6. ಇಷ್ಟೆಲ್ಲ ಹೊಂದಿದ ಜೋಡಿಗಳಲ್ಲಿ ಕಾರು ಹಳದಿಯಾಗಿರುವ ಪಾಲು.

ಕ್ರಮ ಬದಲಿಸಿದರೂ ಅಂತಿಮ ಉತ್ತರ ಬದಲಾಗುವುದಿಲ್ಲ, ಆದರೆ ನಡುವಿನ ಭಿನ್ನರಾಶಿಗಳು ಬದಲಾಗಬಹುದು. ನಾಲ್ಕನೇ ಹೆಜ್ಜೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಇಲ್ಲಿ ಬೇಕಾಗಿರುವುದು ಬಿಳಿಯ ಹೆಂಗಸರಲ್ಲಿ ಹೊಂಬಣ್ಣದ ಕೂದಲಿನವರ ಪಾಲು. ಅದು ಎಲ್ಲ ಹೆಂಗಸರಲ್ಲಿನ ಪಾಲಿಗಿಂತ ದೊಡ್ಡದಾಗಿಯೇ ಇರಬೇಕು.

ಪೋನಿಟೇಲ್, ಮತ್ತು ಮುಗ್ಧವಾಗಿ ಕಾಣುವ ಹಳದಿ ಕಾರು

ಪೋನಿಟೇಲ್ ಮತ್ತು ಕೂದಲ ಬಣ್ಣ ಸ್ವತಂತ್ರವೇ? ಪೋನಿಟೇಲ್‌ಗೆ ಉದ್ದ ಕೂದಲು ಬೇಕು. ಬಣ್ಣಕ್ಕೂ ಉದ್ದಕ್ಕೂ ನೇರ ನಂಟಿಲ್ಲ. ಆದರೆ ವಯಸ್ಸು ನಡುವೆ ಬರುತ್ತದೆ. ವಯಸ್ಸಾದಂತೆ ಕೂದಲು ನರೆಯುತ್ತದೆ, ಕೇಶವಿನ್ಯಾಸವೂ ಬದಲಾಗುತ್ತದೆ. ಎರಡು ಲಕ್ಷಣಗಳು ಒಂದನ್ನೊಂದು ಮುಟ್ಟದಿದ್ದರೂ ಎರಡನ್ನೂ ಮುಟ್ಟುವ ಮೂರನೆಯದೊಂದು ಇದ್ದರೆ ಅವು ಅವಲಂಬಿತವಾಗಿಬಿಡುತ್ತವೆ.

ಹಳದಿ ಕಾರನ್ನು ನೋಡಿ. ಕಾರಿನ ಬಣ್ಣಕ್ಕೂ ಪೋನಿಟೇಲ್‌ಗೂ ಏನಾದರೂ ಇದೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಈಗ ಜೋಡಿಗಳಲ್ಲಿ ಅರ್ಧ ಎಳೆಯರು, ಅರ್ಧ ಹಿರಿಯರು ಎಂದು ಊಹಿಸಿ. ಎಳೆಯರಲ್ಲಿ ಪೋನಿಟೇಲ್ ಪಾಲು 0.18, ಹಳದಿ ಕಾರಿನ ಪಾಲು 0.15. ಹಿರಿಯರಲ್ಲಿ ಕ್ರಮವಾಗಿ 0.02 ಮತ್ತು 0.05. ಒಟ್ಟಾರೆ ಸರಾಸರಿ ತೆಗೆದರೆ ಎರಡೂ 0.10, ಪ್ರಾಸಿಕ್ಯೂಟರ್ ಹೇಳಿದ 1/10. ಪ್ರತಿ ವಯೋಗುಂಪಿನ ಒಳಗೆ ಎರಡೂ ಲಕ್ಷಣಗಳು ಪೂರ್ತಿ ಸ್ವತಂತ್ರ ಎಂದೂ ಒಪ್ಪಿಕೊಳ್ಳೋಣ. ಎಳೆಯರಲ್ಲಿ ಎರಡೂ ಇರುವ ಪಾಲು 0.18 × 0.15 = 0.027. ಹಿರಿಯರಲ್ಲಿ 0.02 × 0.05 = 0.001. ಎರಡರ ಸರಾಸರಿ 0.014. ಆದರೆ ಒಟ್ಟು ಪಾಲುಗಳನ್ನು ಗುಣಿಸಿದರೆ 0.10 × 0.10 = 0.010.

ಗುಂಪಿನೊಳಗೆ ಸ್ವತಂತ್ರ, ಗುಂಪುಗಳನ್ನು ಬೆರೆಸಿದೊಡನೆ ಅವಲಂಬಿತ. ಗುಪ್ತವಾಗಿದ್ದ ವಯಸ್ಸು ಉತ್ತರವನ್ನು 1.4 ಪಟ್ಟು ಹೆಚ್ಚಿಸಿತು. ಇದು ತಿರುಗುಮುರುಗಾಗಿಯೂ ಆಗಬಹುದು: ಹಳದಿ ಕಾರು ಹಿರಿಯರಲ್ಲೇ ಹೆಚ್ಚಿದ್ದರೆ ಉತ್ತರ 0.010ಕ್ಕಿಂತ ಕೆಳಗಿಳಿಯುತ್ತಿತ್ತು. ಅವಲಂಬನೆ ಎಂದರೆ ಉತ್ತರ ಯಾವಾಗಲೂ ದೊಡ್ಡದಾಗುತ್ತದೆ ಎಂದೇನಿಲ್ಲ. ಯಾವ ಕಡೆಗೆ ಎಷ್ಟು ಎಂಬುದನ್ನು ದತ್ತಾಂಶವೇ ಹೇಳಬೇಕು.

ಇದೇ ಜಾಗದಲ್ಲಿ ಇನ್ನೊಂದು ಗೊಂದಲವನ್ನೂ ತೆಗೆದುಹಾಕಬಹುದು. ಒಟ್ಟಿಗೆ ಸಂಭವಿಸಲಾರದ ಘಟನೆಗಳನ್ನು ಕೆಲವರು ‘ಸಂಬಂಧವಿಲ್ಲದವು, ಹಾಗಾಗಿ ಸ್ವತಂತ್ರ’ ಎಂದುಕೊಳ್ಳುತ್ತಾರೆ. ಪೋನಿಟೇಲ್ ಮತ್ತು ಕತ್ತರಿಸಿದ ಗಿಡ್ಡ ಕೂದಲು ಒಬ್ಬಳಲ್ಲೇ ಇರಲಾರವು. ಅವು ಪರಸ್ಪರ ವರ್ಜಕ. ಒಂದು ಇದೆಯೆಂದು ಗೊತ್ತಾದ ಕ್ಷಣವೇ ಇನ್ನೊಂದರ ಸಂಭವನೀಯತೆ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ಬಲವಾದ ಅವಲಂಬನೆ ಇರಲು ಸಾಧ್ಯವಿಲ್ಲ.

ಎಣಿಸಿ ಪರೀಕ್ಷಿಸುವುದು ಹೇಗೆ

ವಿಚಾರಣೆಯಲ್ಲಿ ಒಂದು ಭಿನ್ನರಾಶಿಗೂ ದತ್ತಾಂಶದ ಆಧಾರ ಕೊಡಲಿಲ್ಲ, ಸ್ವತಂತ್ರತೆಗೂ ಕೊಡಲಿಲ್ಲ. ಕೊಡಬೇಕಿದ್ದರೆ ಏನು ಮಾಡಬಹುದಿತ್ತು? ಎರಡು ಲಕ್ಷಣಗಳಿಗೆ ಕೆಲಸ ಕಷ್ಟದ್ದಲ್ಲ. ಯಾದೃಚ್ಛಿಕವಾಗಿ ಆರಿಸಿದ 200 ಗಂಡಸರನ್ನು ನೋಡಿ ನಾಲ್ಕು ಕೋಣೆಗಳ ಕೋಷ್ಟಕ ತುಂಬಬೇಕು. ಕಲ್ಪಿತ ಎಣಿಕೆ ಹೀಗಿರಲಿ: ಎರಡೂ ಇರುವವರು 18, ಗಡ್ಡ ಮಾತ್ರ 2, ಮೀಸೆ ಮಾತ್ರ 32, ಎರಡೂ ಇಲ್ಲದವರು 148. ಒಟ್ಟು ಗಡ್ಡ 20, ಒಟ್ಟು ಮೀಸೆ 50.

ಸ್ವತಂತ್ರವಾಗಿದ್ದರೆ ಪ್ರತಿ ಕೋಣೆಯಲ್ಲಿ ನಿರೀಕ್ಷಿತ ಎಣಿಕೆ ಎಂದರೆ ಆ ಸಾಲಿನ ಮೊತ್ತವನ್ನು ಆ ಕಂಬದ ಮೊತ್ತದಿಂದ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಿದ್ದು. ಎರಡೂ ಇರುವವರಿಗೆ 20 × 50 ÷ 200 = 5. ಉಳಿದ ಕೋಣೆಗಳಿಗೆ ಕ್ರಮವಾಗಿ 15, 45, 135. ಪ್ರತಿ ಕೋಣೆಯಲ್ಲೂ ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಅಂತರ 13. ಅಂತರದ ವರ್ಗ 169 ಅನ್ನು ಪ್ರತಿ ನಿರೀಕ್ಷಿತ ಎಣಿಕೆಯಿಂದ ಭಾಗಿಸಿ ಕೂಡಿದರೆ ಕೈ-ವರ್ಗ ಮೌಲ್ಯ (ಕಂಡದ್ದು ನಿರೀಕ್ಷಿಸಿದ್ದರಿಂದ ಒಟ್ಟಾರೆ ಎಷ್ಟು ದೂರ ಎಂಬುದರ ಅಳತೆ) ಸುಮಾರು 50.1 ಬರುತ್ತದೆ. ಎರಡು ಸಾಲು ಎರಡು ಕಂಬದ ಕೋಷ್ಟಕಕ್ಕೆ ಶೇ 5ರ ಮಟ್ಟದಲ್ಲಿ, ಅಂದರೆ ನಿಜಕ್ಕೂ ಸ್ವತಂತ್ರವಾಗಿದ್ದಾಗ ಆಕಸ್ಮಿಕವಾಗಿ ನೂರಕ್ಕೆ ಸುಮಾರು ಐದು ಸಲ ಮಾತ್ರ ದಾಟುವ ಗಡಿ 3.84. ಇದು ಗಡಿಯನ್ನು ಎಷ್ಟೋ ದೂರ ದಾಟಿದೆ. ಸ್ವತಂತ್ರ ಎಂಬ ಊಹೆಯನ್ನು ಬಿಡಬೇಕು.

ಎರಡೂ ಇರುವವರು 18ರ ಬದಲು 7 ಜನ ಸಿಕ್ಕಿದ್ದರೆ? ಗಡ್ಡ 20, ಮೀಸೆ 50 ಎಂಬ ಮೊತ್ತಗಳು ಹಾಗೇ ಇದ್ದರೆ ಅಂತರ 2, ಕೈ-ವರ್ಗ ಮೌಲ್ಯ ಸುಮಾರು 1.19. ಗಡಿಯ ಒಳಗೇ ಇದೆ. ಇಲ್ಲಿ ಎಡವುವವರು ಬಹಳ. ಇದರಿಂದ ಸ್ವತಂತ್ರ ಎಂದು ಸಾಬೀತಾಗುವುದಿಲ್ಲ. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು, 200 ಜನರ ಮಾದರಿ ಇನ್ನೂ ಸೂಕ್ಷ್ಮವಾದ ಅವಲಂಬನೆಯನ್ನು ಹಿಡಿಯಲು ಸಾಲದು, ಅಷ್ಟೇ. ನಿರೀಕ್ಷಿತ ಎಣಿಕೆ ಯಾವುದೇ ಕೋಣೆಯಲ್ಲಿ 5ಕ್ಕಿಂತ ಕಡಿಮೆಯಾದರೆ ಈ ಪರೀಕ್ಷೆಯನ್ನೇ ನೆಚ್ಚಬಾರದು. 1000ಕ್ಕೆ ಒಂದರಂತೆ ಸಿಗುವ ಜೋಡಿಗಳ ವಿಷಯದಲ್ಲಿ ಆ ತೊಡಕು ಕೂಡಲೇ ಎದುರಾಗುತ್ತದೆ.

ಆರು ಲಕ್ಷಣಗಳಿಗೆ 15 ಜೋಡಿ ಪರೀಕ್ಷೆಗಳು ಬೇಕು. ಎಲ್ಲ 15 ಪಾಸಾದರೂ ಸಾಲದು. ಎರಡು ನಾಣ್ಯ ಚಿಮ್ಮಿ ಮೂರು ಘಟನೆಗಳನ್ನು ನೋಡಿ: ಮೊದಲನೆಯದು ತಲೆ, ಎರಡನೆಯದು ತಲೆ, ಎರಡೂ ನಾಣ್ಯ ಒಂದೇ ಮುಖ. ಪ್ರತಿಯೊಂದರ ಸಂಭವನೀಯತೆ 1/2. ಯಾವ ಎರಡನ್ನು ತೆಗೆದುಕೊಂಡರೂ ಒಟ್ಟಿಗೆ ಆಗುವ ಸಂಭವನೀಯತೆ 1/4, ಅಂದರೆ ಎರಡೆರಡಾಗಿ ಸ್ವತಂತ್ರ. ಆದರೆ ಮೂರೂ ಒಟ್ಟಿಗೆ ಆಗುವುದು ಎರಡೂ ತಲೆ ಬಿದ್ದಾಗ, ಅದರ ಸಂಭವನೀಯತೆ 1/4. ಮೂರನ್ನೂ ಗುಣಿಸಿದರೆ ಬರುವುದು 1/8. ಮೊದಲೆರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ, ಕಪ್ಪುವರ್ಣೀಯ ಗಂಡಸು ಮತ್ತು ಹೊಂಬಣ್ಣದ ಕೂದಲು ಗೊತ್ತಾದರೆ ಭಿನ್ನವರ್ಣದ ಜೋಡಿ ಗೊತ್ತಾಗುವಂತೆಯೇ. ಆರು ಘಟನೆಗಳನ್ನು ಪೂರ್ಣ ಅರ್ಥದಲ್ಲಿ ಸ್ವತಂತ್ರ ಎನ್ನಲು ಎರಡರ, ಮೂರರ, ನಾಲ್ಕರ, ಐದರ ಮತ್ತು ಆರರ ಎಲ್ಲ ಗುಂಪುಗಳಿಗೂ ಗುಣಾಕಾರ ನಿಯಮ ನಿಲ್ಲಬೇಕು. ಅಂಥ ಷರತ್ತುಗಳು ಒಟ್ಟು 57. ವಿಚಾರಣೆಯಲ್ಲಿ ಒಂದನ್ನೂ ಪರಿಶೀಲಿಸಲಿಲ್ಲ.

ಎರಡು ಭಿನ್ನರಾಶಿ ತಿದ್ದಿದರೆ ಏನಾಗುತ್ತದೆ

ಪ್ರಾಸಿಕ್ಯೂಟರ್ ಅವರ ಬೇರೆಲ್ಲ ಅಂಕಿಗಳನ್ನು ಹಾಗೇ ಬಿಟ್ಟು ಎರಡನ್ನು ಮಾತ್ರ ಷರತ್ತುಬದ್ಧವಾಗಿ ಬರೆಯೋಣ. 1/1000 ಅನ್ನು ಕಪ್ಪುವರ್ಣೀಯ ಗಂಡಸು ಮತ್ತು ಬಿಳಿಯ ಹೆಂಗಸಿನ ಜೋಡಿಯ ಪಾಲು ಎಂದೂ, 1/10 ಅನ್ನು ಆ ಗಂಡಸರಲ್ಲಿ ಗಡ್ಡದವರ ಪಾಲು ಎಂದೂ ಓದಿಕೊಳ್ಳಬೇಕು. ಗಡ್ಡವಿದ್ದಾಗ ಮೀಸೆ 1/4 ಅಲ್ಲ, 9/10. ಯುವತಿ ಎಳೆಯ ವಯಸ್ಸಿನ ಹೊಂಬಣ್ಣದ ಕೂದಲಿನವಳು ಎಂದಾದ ಮೇಲೆ ಪೋನಿಟೇಲ್ 1/10 ಅಲ್ಲ, 1/5. ಎರಡೂ ಊಹೆಗಳೇ, ಆದರೆ ಅತಿಶಯದವಲ್ಲ.

1/1000 × 1/10 × 9/10 × 1/3 × 1/5 × 1/10 = ಸುಮಾರು 16 ಲಕ್ಷ 67 ಸಾವಿರದಲ್ಲಿ 1.

1 ಕೋಟಿ 20 ಲಕ್ಷದಿಂದ 7.2 ಪಟ್ಟು ಇಳಿಯಿತು. ಅಷ್ಟಾದರೂ ಇದು ಸಣ್ಣ ಸಂಖ್ಯೆಯೇ, ಜ್ಯೂರಿ ಆಗಲೂ ಬೆರಗಾಗುತ್ತಿತ್ತು ಎಂದು ಯಾರಾದರೂ ಹೇಳಬಹುದು. ಅವರು ಮುಂದಿನ ಲೆಕ್ಕವನ್ನು ನೋಡಬೇಕು.

1968ರ ಮಾರ್ಚ್ 11ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಗಂಡನ ಮೇಲಿನ ತೀರ್ಪನ್ನು ರದ್ದುಪಡಿಸಿತು. ಅಪೀಲು ಹೋಗಿದ್ದವನು ಅವನೊಬ್ಬನೇ. ನ್ಯಾಯಮೂರ್ತಿ ಸಲಿವನ್ ಬರೆದ ತೀರ್ಪು ಆರು ಅಂಕಿಗಳಿಗೆ ಆಧಾರವಿಲ್ಲ, ಲಕ್ಷಣಗಳು ಸ್ವತಂತ್ರ ಎಂಬುದಕ್ಕೂ ಆಧಾರವಿಲ್ಲ ಎಂದು ಮೊದಲು ಹೇಳಿತು. ಸಾಕ್ಷಿಗಳು ತಪ್ಪಾಗಿ ಕಂಡಿರಬಹುದು, ಅಪರಾಧಿಗಳು ವೇಷ ಬದಲಿಸಿಕೊಂಡಿರಬಹುದು ಎಂಬುದನ್ನು ಯಾವ ಗುಣಾಕಾರವೂ ಅಳೆಯುವುದಿಲ್ಲ ಎಂದೂ ಹೇಳಿತು. ನಂತರ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: 1 ಕೋಟಿ 20 ಲಕ್ಷದಲ್ಲಿ 1 ಎಂಬುದನ್ನೇ ಒಪ್ಪಿಕೊಂಡರೂ ಅದು ಯಾದೃಚ್ಛಿಕ ಜೋಡಿಯೊಂದಕ್ಕೆ ಈ ಲಕ್ಷಣಗಳಿರುವ ಸಂಭವನೀಯತೆ ಮಾತ್ರ. ಆರೋಪಿಗಳು ನಿರಪರಾಧಿಗಳಾಗಿರುವ ಸಂಭವನೀಯತೆ ಅದಲ್ಲ. ಲಕ್ಷಣಗಳು ಹೊಂದುವ ಒಂದು ಜೋಡಿ ಇರುವುದು ಖಚಿತ, ಏಕೆಂದರೆ ಅಪರಾಧ ಮಾಡಿದ ಜೋಡಿಯೇ ಇದೆ. ಪ್ರಶ್ನೆ ಇರುವುದು ಇನ್ನೊಂದು ಜೋಡಿ ಇದೆಯೇ ಎಂಬುದರಲ್ಲಿ.

ತೀರ್ಪಿನ ಅನುಬಂಧದಲ್ಲಿ ಈ ಲೆಕ್ಕವಿದೆ. ಅಪರಾಧ ಮಾಡಿರಬಹುದಾದ ಜೋಡಿಗಳು 1 ಕೋಟಿ 20 ಲಕ್ಷ ಎಂದಿಟ್ಟುಕೊಂಡರೆ ಹೊಂದುವ ಜೋಡಿಗಳ ನಿರೀಕ್ಷಿತ ಸಂಖ್ಯೆ 1. ವಿರಳ ಘಟನೆಗಳು ಎಷ್ಟು ಸಲ ಸಂಭವಿಸಬಹುದು ಎಂದು ಹೇಳುವ ಪ್ವಾಸೋನ್ ವಿತರಣೆಯ ಪ್ರಕಾರ ಒಂದೂ ಇಲ್ಲದಿರುವ ಸಂಭವನೀಯತೆ 0.3679, ಒಂದೇ ಇರುವುದು 0.3679, ಎರಡು ಅಥವಾ ಹೆಚ್ಚು ಇರುವುದು 0.2642. ಕನಿಷ್ಠ ಒಂದು ಇದೆ ಎಂಬ ಷರತ್ತು ಹಾಕಿದರೆ ಎರಡನೆಯದೂ ಇರುವ ಸಂಭವನೀಯತೆ 0.2642 ÷ 0.6321, ಅಂದರೆ ಸುಮಾರು 0.418. ಪ್ರಾಸಿಕ್ಯೂಟರ್ ಅವರದೇ ಅಂಕಿ ಹಿಡಿದರೂ ಇವರಂತೆಯೇ ಕಾಣುವ ಇನ್ನೊಂದು ಜೋಡಿ ಇರುವ ಸಾಧ್ಯತೆ ಶೇ 40ನ್ನು ಮೀರುತ್ತದೆ. ಈ ಅನುಬಂಧವೂ ಷರತ್ತುಬದ್ಧ ಸಂಭವನೀಯತೆಯ ಲೆಕ್ಕವೇ, ಸರಿಯಾದ ಷರತ್ತನ್ನು ಸರಿಯಾದ ಜಾಗದಲ್ಲಿ ಇಟ್ಟ ಲೆಕ್ಕ.

ಈಗ ಅದೇ 1 ಕೋಟಿ 20 ಲಕ್ಷ ಜೋಡಿಗಳಿಗೆ ನಾವು ತಿದ್ದಿದ ಭಿನ್ನರಾಶಿ ಹಾಕಿ. ಹೊಂದುವ ಜೋಡಿಗಳ ನಿರೀಕ್ಷಿತ ಸಂಖ್ಯೆ 7.2. ಒಂದೂ ಇಲ್ಲದಿರುವುದು 0.0007, ಒಂದೇ ಇರುವುದು 0.0054. ಕನಿಷ್ಠ ಒಂದು ಇದೆಯೆಂದಾಗ ಎರಡನೆಯದೂ ಇರುವ ಸಂಭವನೀಯತೆ ಸುಮಾರು 0.995. ಗಡ್ಡ ಮೀಸೆಯ ನಂಟು ಮತ್ತು ಪೋನಿಟೇಲ್ ವಯಸ್ಸಿನ ನಂಟು ಇವೆರಡನ್ನು ಒಪ್ಪಿಕೊಂಡಿದ್ದಕ್ಕೇ ‘ಇನ್ನೊಂದು ಜೋಡಿ ಇದೆಯೇ’ ಎಂಬ ಪ್ರಶ್ನೆಗೆ ಉತ್ತರ ಶೇ 42ರಿಂದ ಶೇ 99.5ಕ್ಕೆ ಜಿಗಿಯಿತು. ಲಕ್ಷಗಳಲ್ಲಿ ಒಂದು, ಕೋಟಿಗಳಲ್ಲಿ ಒಂದು ಎಂಬ ಅಂಕಿಗಳ ನಡುವಿನ ಅಂತರ ಕಿವಿಗೆ ಹಿರಿದಾಗಿ ಕೇಳದಿರಬಹುದು. ಜೋಡಿಗಳ ಒಟ್ಟು ಸಂಖ್ಯೆಯ ಪಕ್ಕದಲ್ಲಿಟ್ಟಾಗ ತೀರ್ಪನ್ನೇ ತಿರುಗಿಸುವ ಅಂತರ ಅದು.

ಅನುಬಂಧದ ಲೆಕ್ಕದಲ್ಲೂ ಒಂದು ಸ್ವತಂತ್ರತೆಯ ಊಹೆ ಇದೆ ಎಂಬುದನ್ನು ಓದುಗರು ಗಮನಿಸಬೇಕು: ಒಂದು ಜೋಡಿ ವರ್ಣನೆಗೆ ಹೊಂದುವುದು ಇನ್ನೊಂದು ಜೋಡಿ ಹೊಂದುವುದರ ಮೇಲೆ ಪ್ರಭಾವ ಬೀರುವುದಿಲ್ಲ ಎಂಬುದು. ಒಂದೇ ಜೋಡಿಯೊಳಗಿನ ಲಕ್ಷಣಗಳ ನಡುವೆ ಮಾಡಿದ ಊಹೆಗಿಂತ ಇದು ಬಹಳ ಮಟ್ಟಿಗೆ ಒಪ್ಪಬಹುದಾದದ್ದು, ಏಕೆಂದರೆ ಪರಿಚಯವಿಲ್ಲದ ಎರಡು ಜೋಡಿಗಳ ಗಡ್ಡ, ಕಾರು, ಕೂದಲು ಒಂದನ್ನೊಂದು ಎಳೆಯಲು ದಾರಿ ಕಡಿಮೆ. ಒಂದೇ ನೆರೆಹೊರೆ, ಒಂದೇ ಕಾಲದ ಫ್ಯಾಷನ್ ಇದ್ದರೆ ಮಾತ್ರ ಅಲ್ಲೂ ಗುಂಪುಗಟ್ಟುವಿಕೆ ಬರುತ್ತದೆ. ಆಗ ಹೊಂದುವ ಜೋಡಿಗಳು ಕೆಲವು ಪ್ರದೇಶಗಳಲ್ಲಿ ಹೆಚ್ಚು ಒಟ್ಟಾಗಿ ಸಿಗುತ್ತವೆ, ಮತ್ತು ಲೆಕ್ಕವನ್ನು ಇಡೀ ನಗರಕ್ಕೆ ಒಂದೇ ದರದಿಂದ ಮಾಡದೆ ಪ್ರದೇಶವಾರು ಮಾಡಬೇಕಾಗುತ್ತದೆ.